ಕೊಳಲು ಹಿಡಿದವಳ ಎಡಗೆನ್ನೆ

ಮಗಳು ತಿಂಡಿ ಮೇಜಿನ ಮೇಲೆ ದಪ್ಪನೆಯ ಪುಸ್ತಕವೊಂದನ್ನು ಇಟ್ಟು, "ಅಪ್ಪಾ, ಪೂರ್ತಿ ಓದು ಅಂತ ನಾನೇನೂ ಹೇಳಲ್ಲ. ಮುಖಪುಟ ನೋಡು, ಹಿಂದಿನ ನಾಲ್ಕು ಸಾಲು ಓದು. ಇದನ್ನು ಬರೆದ ಪ್ರೊಫೆಸರರು ಕೇಳಿದರೆ 'ತುಂಬಾ ಆಳವಾಗಿದೆ ಸಾರ್' ಅನ್ನು. ಅಷ್ಟು ಸಾಕು," ಎಂದಳು.

ಅಪ್ಪ ಕೈ ಒರೆಸಿಕೊಂಡು ಪುಸ್ತಕ ಎತ್ತಿಕೊಂಡ. ಕನ್ನಡಕವನ್ನು ಹಣೆಗೇರಿಸಿದ, ಮತ್ತೆ ಇಳಿಸಿದ. ಆಮೇಲೆ, ಎಂದೋ ಕಳೆದುಹೋದ ತನ್ನ ಕೊಡೆಯನ್ನು ಪಕ್ಕದ ಮನೆಯ ಬಾಗಿಲಲ್ಲಿ ಕಂಡವನ ದನಿಯಲ್ಲಿ, "ಇದು ನನ್ನದು," ಎಂದ.

"ಏನು ನಿನ್ನದು?"

"ಈ ತಲೆ."

ಅವನ ಹೆಂಡತಿ ಟೈಪಿಸ್ಟಮ್ಮ ಸುರಿಯುತ್ತಿದ್ದ ಚಹಾ ಲೋಟ ತುಂಬಿ, ತಟ್ಟೆ ತುಂಬಿ, ಮೇಜಿಗೂ ಇಳಿಯಿತು. ವಕೀಲರೊಬ್ಬರ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಬೆರಳಚ್ಚು ಮಾಡಿದವಳು ಅವಳು. ಅಲ್ಲಿ ಅಂಟಿಕೊಂಡ ಹೆಸರು ಬೀದಿಯಲ್ಲೂ ಉಳಿದುಬಿಟ್ಟಿತ್ತು. ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚಾಡಿ ಗೆಲ್ಲುವ ವ್ಯಾಜ್ಯವನ್ನು ಕೈಯಾರೆ ಕೆಡಿಸಿಕೊಂಡ ಎಷ್ಟೋ ಜನರನ್ನು ಕಂಡಿದ್ದಳು. ಅಂಥವರಲ್ಲೇ ಒಬ್ಬನನ್ನು ಕಟ್ಟಿಕೊಂಡೂ ಇದ್ದಳು.

"ಯಾವ ತಲೆ ರೀ?"

"ಹೇಳಿದ್ದೆನಲ್ಲೇ, ನಮ್ಮ ಮದುವೆಯಾದ ವರ್ಷ ಹಳೇ ದೇವಸ್ಥಾನದ ರಿಪೇರಿಗೆ ಹೋಗಿದ್ದೆ ಅಂತ. ಈ ಸರ ನೋಡು, ಎರಡೆಳೆ. ಬೇರೆ ಯಾವ ಬೊಂಬೆಗೂ ಎರಡೆಳೆ ಇಲ್ಲ. ಕುತ್ತಿಗೆಯ ಬೆಸುಗೆ ಮುಚ್ಚೋಕೆ ಕೆಳಗಿನ ಎಳೆ ನಾನು ಸೇರಿಸಿದ್ದು."

ಅವಳಿಗೆ ನೆನಪಾಯಿತು. ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ಗೋಡೆಯ ಬೊಂಬೆಗಳನ್ನು ತೊಳೆಯಲು ಕಟ್ಟಿದ್ದ ಅಟ್ಟಣಿಗೆಯ ಒಂದು ಕೋಲು ಜಾರಿ, ಕೊಳಲು ಹಿಡಿದವಳ ತಲೆಯ ಮೇಲೆ ಬಿದ್ದು, ಸಾವಿರ ವರ್ಷದ ತಲೆ ಪುಡಿಪುಡಿಯಾಗಿತ್ತು. ಹದಿನೈದು ದಿನದಲ್ಲಿ ದೊಡ್ಡ ಅಧಿಕಾರಿ ಬರುವವರಿದ್ದರು. ಮೇಸ್ತ್ರಿ ಇವನ ಕೈ ಹಿಡಿದು, "ಹೇಗಾದರೂ ಮಾಡಿ ಒಂದು ತಲೆ ಕೂರಿಸಪ್ಪಾ, ನಮ್ಮೆಲ್ಲರ ತಲೆ ಉಳಿಸು," ಎಂದು ಅತ್ತನಂತೆ. ಇವನು ಹಿತ್ತಿಲಲ್ಲಿ ರಾಶಿ ಬಿದ್ದಿದ್ದ ಹಳೇ ಕಲ್ಲಿನ ತುಂಡುಗಳಲ್ಲೇ ಒಂದನ್ನು ಆರಿಸಿ, ಹನ್ನೆರಡು ದಿನ ಕೂತು ಕೆತ್ತಿ, ಕೂರಿಸಿ, ಎಣ್ಣೆ ಮಸಿ ತಿಕ್ಕಿ ಹಳೆಯದು ಮಾಡಿದ್ದ. ಅಧಿಕಾರಿ ಬಂದು ನೋಡಿ, "ಇದೊಂದನ್ನು ಸರಿಯಾಗಿ ತೊಳೆದಿಲ್ಲ," ಎಂದು ಹೋಗಿದ್ದರು.

ಮುಖಪುಟದ ಮೇಲಿದ್ದದ್ದು ಪ್ರೊಫೆಸರರೇ ಕೈಯಾರೆ ಬಿಡಿಸಿದ ಚಿತ್ರ. ಅದರಲ್ಲಿ ಕೊಳಲಿನವಳು ಬಾಯೊಳಗೆ ನಿಂಬೆಹಣ್ಣು ಇಟ್ಟುಕೊಂಡ ಬೆಕ್ಕಿನಂತೆ ಕಾಣುತ್ತಿದ್ದಳು. ಟೈಪಿಸ್ಟಮ್ಮ ಪುಸ್ತಕ ತಿರುಗಿಸಿ ಹಿಂಬದಿ ಓದಿದಳು. ಆ ಹೆಣ್ಣಿನ ಎಡಗೆನ್ನೆ ಉಬ್ಬಿದೆ. ಅಂದರೆ ಅವಳು ಉಸಿರನ್ನು ಕೆನ್ನೆಯಲ್ಲಿ ಕೂಡಿಟ್ಟು, ಮೂಗಿನಿಂದ ಹೊಸ ಉಸಿರು ಎಳೆಯುತ್ತಾ ನಾದ ಕಡಿಯದಂತೆ ನುಡಿಸುತ್ತಿದ್ದಾಳೆ. ಅಂದರೆ ಆ ವಿದ್ಯೆ ಸಾವಿರ ವರ್ಷದ ಹಿಂದೆಯೇ ಗೊತ್ತಿತ್ತು. ಈ ಎರಡು 'ಅಂದರೆ'ಗಳಿಗೆ ಪ್ರೊಫೆಸರರು ಹನ್ನೊಂದು ವರ್ಷ ಕೊಟ್ಟಿದ್ದರು.

"ನಾನು ಹಾಗೇನೂ ಅಂದ್ಕೊಂಡಿರಲಿಲ್ಲಪ್ಪ," ಎಂದ ಗಂಡ.

"ಮತ್ತೆ ಕೆನ್ನೆ ಯಾಕೆ ಉಬ್ಬಿಸಿದಿರಿ?"

ಅವನು ಅವಳ ಮುಖ ನೋಡಿದ. ತಟ್ಟೆ ನೋಡಿದ. "ಕಲ್ಲು ಹಾಗೆ ಬಂತು," ಎಂದ.

ಮಗಳು ತಲೆಯ ಮೇಲೆ ಕೈ ಹೊತ್ತು ಕೂತಳು. ಕಣ್ಣಾಸ್ಪತ್ರೆಯ ಕನ್ನಡಕ ವಿಭಾಗದಲ್ಲಿ ಅವಳ ಕೆಲಸ. ಪಕ್ಕದ ಕೋಣೆಯಲ್ಲಿ ಕೂತು ದೃಷ್ಟಿ ಪರೀಕ್ಷಿಸುವವನು ಪ್ರೊಫೆಸರರ ಮಗ. ಮೂರು ವರ್ಷದಿಂದ ಒಬ್ಬರಿಗೊಬ್ಬರು ಒಪ್ಪಿದ್ದರು. ಉಳಿದದ್ದು ಪ್ರೊಫೆಸರರ ಬಾಯಿಂದ ಬರಬೇಕಾದ ಒಂದು ಮಾತು. ಎರಡು ಮನೆಯವರೂ ಸೇರಿ ದೇವಸ್ಥಾನ ನೋಡಿಕೊಂಡು ಬರೋಣ, ಅಲ್ಲೇ ಮಾತಾಡೋಣ ಎಂದು ಅವರೇ ಕರೆದಿದ್ದರು. ಹುಡುಗನಿಗೆ ಹಿಂದೆ ಬಂದ ಸಂಬಂಧವೊಂದು ಮುರಿದದ್ದು, ಆ ಹುಡುಗಿಯ ಸೋದರಮಾವ ಇದೇ ಬೊಂಬೆಯ ಮುಂದೆ ಆಕಳಿಸಿದ್ದಕ್ಕೆ.

"ಆಕಳಿಸಿದ್ದಕ್ಕೇ ಹಾಗೆ ಮಾಡಿದವರು ಇದನ್ನು ಕೇಳಿದರೆ ಏನು ಮಾಡ್ತಾರೋ!" ಎಂದಳು ಮಗಳು. "ಅಪ್ಪಾ, ಒಂದು ದಿನ. ಒಂದೇ ಒಂದು ದಿನ ಬಾಯಿಗೆ ಬೀಗ ಹಾಕ್ಕೋ."

"ನಾನೇನು ಸುಳ್ಳು ಹೇಳಲಾ?"

"ಸುಳ್ಳು ಬೇಡ," ಎಂದಳು ಟೈಪಿಸ್ಟಮ್ಮ. ಸಾಕ್ಷಿಗಳನ್ನು ಕಟಕಟೆಗೆ ಹತ್ತಿಸುವ ಮುಂಚೆ ವಕೀಲರು ಹೇಳುತ್ತಿದ್ದುದನ್ನೇ ಹೇಳಿದಳು. "ಕೇಳಿದ್ದಕ್ಕೆ ಮಾತ್ರ ಉತ್ತರ. ಕೇಳದ್ದಕ್ಕೆ ಇಲ್ಲ. ಗೊತ್ತಿಲ್ಲದ್ದಕ್ಕೆ 'ಗೊತ್ತಿಲ್ಲ'. ಗೊತ್ತಿದ್ದದ್ದಕ್ಕೆ ಕೆಮ್ಮು."

ಅವನು ಒಂದು ಸಲ ಕೆಮ್ಮಿ ತೋರಿಸಿದ. ಅದು ಅವಳಿಗೆ ಒಂದಿಷ್ಟೂ ಧೈರ್ಯ ಕೊಡಲಿಲ್ಲ.

ತಿಂಡಿ ಮುಗಿಸಿ ಎರಡು ಮನೆಯವರೂ ಒಂದೇ ಕಾರಿನಲ್ಲಿ ಹೊರಟರು. ಕಾರು ಓಡಿಸುತ್ತಿದ್ದ ಹುಡುಗ ಮಿತಭಾಷಿ. ಅವನ ಪಕ್ಕ ಪ್ರೊಫೆಸರರು, ತೆಳ್ಳಗೆ, ಎತ್ತರಕ್ಕೆ, ಭುಜಕ್ಕೊಂದು ಬಟ್ಟೆಯ ಚೀಲ. ಹಿಂದೆ ಕಿಟಕಿ ಪಕ್ಕದಲ್ಲಿ ಪ್ರೊಫೆಸರರ ಹೆಂಡತಿ, ದುಂಡು ಮುಖದ ಹೆಂಗಸು. ಅವರು ಎರಡು ನಿಮಿಷಕ್ಕೊಮ್ಮೆ ಒಂದು ಡಬ್ಬಿ ತೆಗೆದು ಎಲ್ಲರಿಗೂ ಕಡಲೆಬೀಜ ಹಂಚುತ್ತಿದ್ದರು.

"ತಮ್ಮದು ಕಲ್ಲಿನ ವ್ಯಾಪಾರ ಅಂದರಲ್ಲ?" ಎಂದರು ಪ್ರೊಫೆಸರರು ಹಿಂದಕ್ಕೆ ತಿರುಗದೆ.

"ಹೌದು ಸಾರ್. ಅಡುಗೆಮನೆ ಕಟ್ಟೆಗೆ ಹಾಸುಗಲ್ಲು ಕೂರಿಸ್ತೀವಿ."

"ಹಾಗಿದ್ದರೆ ಕಲ್ಲಿನ ಮರ್ಮ ನಿಮಗೆ ಒಂದಿಷ್ಟು ತಿಳಿದಿರಬೇಕು."

ಗಂಡ ಕೆಮ್ಮಿದ.

"ನೆಗಡಿಯೇನೋ ಪಾಪ," ಎಂದು ಪ್ರೊಫೆಸರರ ಹೆಂಡತಿ ಅವನ ಕೈಗೆ ಇನ್ನೊಂದು ಹಿಡಿ ಕಡಲೆಬೀಜ ಹಾಕಿದರು.

ದೇವಸ್ಥಾನದ ಮುಂದೆ ಪ್ರವಾಸಿಗಳ ಬಸ್ಸುಗಳು ಸಾಲಾಗಿ ನಿಂತಿದ್ದವು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಮೇಲೆ ಎಲ್ಲರೂ ಒಂದೇ ಜಾತಿಯವರಾದರು: ಅಂಗಳದ ಹಾಸುಗಲ್ಲು ಬಿಸಿಲಿಗೆ ಕಾದು ಬಾಣಲೆಯಾಗಿತ್ತು. ಕ್ಯಾಮೆರಾ ಹೊತ್ತವರು, ಟೋಪಿ ಹಾಕಿದವರು, ಕೈಮುಗಿದುಕೊಂಡು ಬಂದವರು, ಎಲ್ಲರೂ ಒಂದೊಂದು ನೆರಳಿನಿಂದ ಇನ್ನೊಂದಕ್ಕೆ ಕುಪ್ಪಳಿಸುತ್ತಿದ್ದರು. ಪ್ರೊಫೆಸರರೊಬ್ಬರೇ ನಿಧಾನವಾಗಿ ನಡೆದರು. ಹನ್ನೊಂದು ವರ್ಷದಲ್ಲಿ ಅವರ ಪಾದ ಗಟ್ಟಿಯಾಗಿತ್ತು.

ಗರ್ಭಗುಡಿಯ ಮುಂದೆ ಸಾಲಿನಲ್ಲಿ ನಿಂತು, ದೀಪದ ಬೆಳಕಿನಲ್ಲಿ ದೇವರನ್ನು ಅರೆಗಳಿಗೆ ಕಂಡು, ಟೈಪಿಸ್ಟಮ್ಮ ಕೈಮುಗಿದಳು. ಕೇಳಿಕೊಳ್ಳಲು ಬಹಳ ಯೋಚಿಸಲಿಲ್ಲ. 'ಸಾಯಂಕಾಲದವರೆಗೆ ಇವರ ನಾಲಿಗೆ ಹಿಡಿದಿರು ತಂದೆ,' ಎಂದಷ್ಟೇ ಕೇಳಿದಳು. ತನ್ನ ನಾಲಿಗೆಯ ವಿಷಯ ಹೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ.

ಹೊರಗೋಡೆಯ ಸಾಲು ಬೊಂಬೆಗಳಲ್ಲಿ ಆರನೆಯದು ಅದು. ಟೈಪಿಸ್ಟಮ್ಮ ತಲೆಯೆತ್ತಿ ನೋಡಿದಳು.

ಅದು ಅವಳೇ.

ಇಪ್ಪತ್ತೆರಡರ ವಯಸ್ಸಿನ ಅವಳು. ಅದೇ ಚಿಕ್ಕ ಗಲ್ಲ, ಅದೇ ಕೂಡು ಹುಬ್ಬು. ಎಡಗೆನ್ನೆ ಬಾತು ಬನ್ನಿನಂತಾಗಿತ್ತು. ಮದುವೆಯಾಗಿ ಎರಡನೇ ತಿಂಗಳು ದವಡೆಯ ಕೊನೆ ಹಲ್ಲು ಹುಟ್ಟಲಾರದೆ ಹುಟ್ಟಿ, ಹನ್ನೆರಡು ದಿನ ಅವಳು ಗಂಜಿ ಕುಡಿದುಕೊಂಡು, ಯಾರ ಜೊತೆಗೂ ಮಾತಾಡದೆ ಕಿಟಕಿ ಪಕ್ಕ ಕೂತಿದ್ದಳು. ಗಂಡ ಸಂಜೆ ಬಂದು ಎದುರು ಕೂತು ಸುಮ್ಮನೆ ಮುಖ ನೋಡುತ್ತಿದ್ದ. ಪಾಪ, ಎಷ್ಟು ಮರುಗುತ್ತಾನೆ ಎಂದುಕೊಂಡಿದ್ದಳು. ಮಹಾರಾಯ ಅಳತೆ ತೆಗೆದುಕೊಳ್ಳುತ್ತಿದ್ದ!

ಅವಳು ಅವನತ್ತ ತಿರುಗಿದಳು. ಅವನು ಆಕಾಶ ನೋಡುತ್ತಿದ್ದ.

"ರೀ," ಎಂದಳು ಹಲ್ಲು ಬಿಗಿಹಿಡಿದು, ಬೇರೆಯವರಿಗೆ ಕೇಳದಂತೆ. "ಬೇರೆ ಯಾರ ಮುಖವೂ ಸಿಗಲಿಲ್ವಾ?"

"ನನಗೆ ಸರಿಯಾಗಿ ಗೊತ್ತಿದ್ದದ್ದು ಅದೊಂದೇ ಮುಖ ಕಣೇ."

"ಬಾತಿರೋ ಕೆನ್ನೆ ಬಿಟ್ಟು ಕೆತ್ತೋಕೆ ಏನಾಗಿತ್ತು?"

"ಆವಾಗ ಅದೇ ಇತ್ತಲ್ಲ."

ಸಿಟ್ಟು ಬರಬೇಕೋ ನಾಚಿಕೆಯಾಗಬೇಕೋ ನಿರ್ಧರಿಸಲು ಸಮಯವಿರಲಿಲ್ಲ. ಪ್ರೊಫೆಸರರ ಹೆಂಡತಿ ಬೊಂಬೆ ನೋಡಿದರು, ಇವಳನ್ನು ನೋಡಿದರು, ಮತ್ತೆ ಬೊಂಬೆ ನೋಡಿದರು. ಟೈಪಿಸ್ಟಮ್ಮ ಸರಕ್ಕನೆ ಕರವಸ್ತ್ರ ತೆಗೆದು ಎಡಗೆನ್ನೆಗೆ ಒತ್ತಿಕೊಂಡಳು.

"ಹಲ್ಲು ನೋವೇನ್ರೀ?" ಎಂದರು ಆಕೆ.

"ಇಲ್ಲ, ಬಿಸಿಲು."

"ಒಂದೇ ಕೆನ್ನೆಗಾ?"

ಪ್ರೊಫೆಸರರು ಎರಡೂ ಕೈ ಎತ್ತಿದ್ದರಿಂದ ಮಾತು ಅಲ್ಲಿಗೇ ನಿಂತಿತು. ಅವರ ಮುಖ ಹೊಸದಾಗಿ ಬೆಳಗಿದಂತೆ ಕಾಣುತ್ತಿತ್ತು. "ಈಗ ಯಾರೂ ಮಾತಾಡಬೇಡಿ. ಒಂದು ನಿಮಿಷ ಸುಮ್ಮನೆ ನೋಡಿ. ಆ ಕೆನ್ನೆ ನೋಡಿ. ಉಸಿರು ಕಾಣುತ್ತಾ?"

ಎಲ್ಲರೂ ನೋಡಿದರು. ದೂರದಲ್ಲಿ ಕಾವಲುಗಾರ ಯಾರಿಗೋ ಸೀಟಿ ಊದಿದ. ಒಂದು ಪಾರಿವಾಳ ಬಂದು ಕೊಳಲಿನವಳ ತಲೆಯ ಮೇಲೆ ಕೂತಿತು.

"ಆ ಕಣ್ಣು!" ಎಂದರು ಪ್ರೊಫೆಸರರು. "ಅರ್ಧ ಮುಚ್ಚಿದೆ. ಈ ಲೋಕದ ಹಂಗೇ ಇಲ್ಲ. ಗಂಡ, ಮನೆ, ಪಾತ್ರೆ, ಒಲೆ, ಯಾವುದರ ಚಿಂತೆಯೂ ಇಲ್ಲದ ಮುಖ ಅದು. ಹೌದೋ ಅಲ್ಲವೋ?"

ಯಾವುದರ ಚಿಂತೆಯೂ ಇರಲಿಲ್ಲ ಎಂಬುದು ನಿಜವೇ. ಲವಂಗದ ಎಣ್ಣೆ ಎಲ್ಲಿಟ್ಟಿದೆ ಎಂಬುದೊಂದನ್ನು ಬಿಟ್ಟು.

"ತುಂಬಾ ಆಳವಾಗಿದೆ ಸಾರ್," ಎಂದ ಗಂಡ.

ಮಗಳು ಉಸಿರು ಬಿಟ್ಟಳು. ಗಂಡನ ಮುಖದಲ್ಲಿ ಮೆಲ್ಲಗೆ ಒಂದು ನಗು ಹಬ್ಬುತ್ತಿರುವುದನ್ನು ಟೈಪಿಸ್ಟಮ್ಮ ಕಂಡಳು. ಅವನಿಗೆ ಇದು ಹಿಡಿಸುತ್ತಿತ್ತು. ಇಪ್ಪತ್ತೆಂಟು ವರ್ಷ ಯಾರಿಗೂ ಹೇಳಿಕೊಳ್ಳಲಾಗದ ಕೆಲಸವನ್ನು ಒಬ್ಬ ಓದಿದ ಮನುಷ್ಯ ಬಿಸಿಲಲ್ಲಿ ನಿಂತು ಹೊಗಳುತ್ತಿದ್ದ. ಅವನು ಕೆಮ್ಮುವುದನ್ನೂ ಮರೆತಿದ್ದ. ಹೀಗೇ ಮುಗಿದರೆ ಸಾಕು ಎಂದು ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು: ಇನ್ನು ಏಳು ಬೊಂಬೆ, ಒಂದು ಮಂಟಪ, ಆಮೇಲೆ ಕಾರು.

"ಇಂಥದ್ದನ್ನು ಈಗಿನವರ ಕೈಯಲ್ಲಿ ಮಾಡೋಕೆ ಆಗುತ್ತಾ?" ಎಂದು ಪ್ರೊಫೆಸರರು ನೇರವಾಗಿ ಗಂಡನನ್ನೇ ಕೇಳಿದರು. "ನೀವು ಕಲ್ಲಿನವರು. ಹೇಳಿ."

ಕಟಕಟೆಯ ಪ್ರಶ್ನೆ ಬಂದೇ ಬಿಟ್ಟಿತ್ತು. ಗಂಡ ಕೆಮ್ಮಿದ. ಇನ್ನೊಂದು ಸಲ ಕೆಮ್ಮಿದ. ಪ್ರೊಫೆಸರರು ಕಾದರು.

"ಕೂತು ಮಾಡಿದರೆ... ಆಗಬಹುದು ಸಾರ್," ಎಂದ.

"ಸಾಧ್ಯವೇ ಇಲ್ಲ!" ಪ್ರೊಫೆಸರರು ನಕ್ಕರು. "ಇಪ್ಪತ್ತೆಂಟು ಮೂವತ್ತು ವರ್ಷದ ಹಿಂದೆ ಇಲ್ಲಿ ರಿಪೇರಿ ಅಂತ ಒಂದು ತಂಡ ಬಂದಿತ್ತು. ಕಟುಕರು. ಆ ಮೂಲೆಯ ಮದ್ದಳೆಯವನ ಬೆರಳು ನೋಡಿ, ಬದನೆಕಾಯಿ. ಕಲೆ ಅಂದರೆ ಏನು ಅಂತ ತಿಳಿಯದ ಕೂಲಿಗಳು. ಪುಣ್ಯಕ್ಕೆ ಇವಳಿಗೆ ಅವರ ಕೈ ತಾಗಲಿಲ್ಲ. ತಾಗಿದ್ದರೆ ಮುಗಿದೇ ಹೋಗುತ್ತಿತ್ತು."

ಗಂಡ ಕೆಮ್ಮಲಿಲ್ಲ. ಹಬ್ಬುತ್ತಿದ್ದ ನಗು ಎಲ್ಲಿತ್ತೋ ಅಲ್ಲೇ ನಿಂತು, ಹೇಗೆ ಮಡಚಿಡಬೇಕೆಂದು ತಿಳಿಯದೆ ಸುಮ್ಮನೆ ಇಳಿದುಹೋಯಿತು. ತನ್ನ ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡು ಪ್ಯಾಂಟಿನ ಜೇಬಿಗೆ ಹಾಕಿಕೊಂಡ.

"ಇರಬಹುದು ಸಾರ್," ಎಂದ.

ಇದನ್ನೇ ತಾನೆ ಅವಳು ಬೆಳಿಗ್ಗೆಯಿಂದ ಬೇಡಿಕೊಂಡದ್ದು? ಅವನು ಹೇಳಲಿಲ್ಲ. ಹೇಳುವುದೂ ಇಲ್ಲ. ಮಗಳ ಮುಖ ನೋಡಿ ನುಂಗಿಕೊಂಡಿದ್ದಾನೆ. ದೇವರು ಕೇಳಿದ್ದನ್ನು ಕೊಟ್ಟಿದ್ದಾನೆ. ಇನ್ನು ಏಳು ಬೊಂಬೆ. ಟೈಪಿಸ್ಟಮ್ಮ ಇಷ್ಟೆಲ್ಲವನ್ನೂ ಸ್ಪಷ್ಟವಾಗಿ, ಸಾಲು ಸಾಲಾಗಿ ಯೋಚಿಸಿದಳು. ಆ ಸಾಲು ಮುಗಿಯುವ ಮುಂಚೆಯೇ ತನ್ನ ದನಿ ತನಗೇ ಕೇಳಿಸಿತು.

"ಅವಳು ಉಸಿರು ಹಿಡಿದಿಲ್ಲ ಸಾರ್. ಅವಳಿಗೆ ಹಲ್ಲು ನೋವು."

ಪ್ರೊಫೆಸರರು ತಿರುಗಿದರು. "ಏನಂದಿರಿ?"

"ಎಡಗಡೆ ಕೆಳಗಿನ ದವಡೆ, ಕೊನೇ ಹಲ್ಲು." ಅವಳು ಕರವಸ್ತ್ರ ಇಳಿಸಿ, ಬೊಂಬೆಯ ಕೆಳಗೆ ಹೋಗಿ ನಿಂತು, ತಲೆಯನ್ನು ಅದೇ ಓರೆಗೆ ವಾಲಿಸಿದಳು. "ನೋಡಿ ಸಾರ್. ಈ ಮುಖದಿಂದ ಇಪ್ಪತ್ತೆಂಟು ವರ್ಷ ಕಳೆಯಿರಿ. ಹನ್ನೆರಡು ದಿನದಲ್ಲಿ ಕೆತ್ತಿದ್ದು ಇವರು. ಇವರು ಕಟುಕರಲ್ಲ."

"ಅಯ್ಯೋ ದೇವರೇ, ನಾನು ಆಗಲೇ ಅಂದ್ಕೊಂಡೆ!" ಎಂದರು ಪ್ರೊಫೆಸರರ ಹೆಂಡತಿ. ಅವರ ಡಬ್ಬಿ ಕೈಜಾರಿ ಕಡಲೆಬೀಜವೆಲ್ಲ ಅಂಗಳದ ಪಾಲಾಯಿತು. ತಲೆಯ ಮೇಲಿದ್ದ ಪಾರಿವಾಳ ಕೆಳಗಿಳಿಯಿತು.

"ಅಮ್ಮಾ!" ಎಂದಳು ಮಗಳು. "ನೀನಾ? ಅಪ್ಪ ಬಾಯಿಬಿಟ್ಟಿದ್ರೆ ಸರಿ, ಗೊತ್ತಿರೋದೇ ಅನ್ನಬಹುದಿತ್ತು. ನೀನಾ?"

ಪ್ರೊಫೆಸರರ ಮುಖದಲ್ಲಿ ಬಣ್ಣವಿರಲಿಲ್ಲ. "ಹುಚ್ಚು ಮಾತು. ಆಧಾರ ಎಲ್ಲಿದೆ?"

ಗಂಡ ಅವಳನ್ನು ನೋಡಿದ. ಅವಳು ತಲೆಯಾಡಿಸಿದಳು, ಕೇಳಿದ್ದಕ್ಕೆ ಉತ್ತರ ಕೊಡಬಹುದು. "ಎರಡನೇ ಎಳೆ ಸರದ ಕೆಳಗೆ ಉಗುರು ಹಾಕಿ ನೋಡಿ ಸಾರ್," ಎಂದ ತಪ್ಪು ಮಾಡಿದವನ ಹಾಗೆ. "ಕೂದಲಿನಷ್ಟು ಗೆರೆ ಸಿಗುತ್ತೆ. ಅರಗು ತುಂಬಿದ್ದೀನಿ."

ಪ್ರೊಫೆಸರರು ಜಗಲಿ ಹತ್ತಿ, ತುದಿಗಾಲಲ್ಲಿ ನಿಂತು, ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಮುಟ್ಟದ ಕುತ್ತಿಗೆಗೆ ಹೆಬ್ಬೆರಳಿನ ಉಗುರು ತಾಗಿಸಿದರು. ಕಿವಿ ಹರಿಯುವಂತೆ ಸೀಟಿ ಕೇಳಿಸಿತು. ಕಾವಲುಗಾರ ಓಡಿಬಂದ.

"ಸಾರ್! ನೀವೇ ಮುಟ್ಟಿದರೆ ಹೇಗೆ ಸಾರ್? 'ಮುಟ್ಟಬಾರದು' ಅನ್ನೋ ಬೋರ್ಡ್ ಹಾಕಿಸಿದ್ದೇ ನೀವು!"

ಪ್ರೊಫೆಸರರು ಕೆಳಗಿಳಿದರು. ಉಗುರಿನ ತುದಿ ನೋಡಿಕೊಂಡರು. ಅಲ್ಲಿ ಕಂದು ಬಣ್ಣದ ಅರಗಿನ ಚೂರು ಅಂಟಿತ್ತು. ಚೀಲವನ್ನು ಭುಜಕ್ಕೇರಿಸಿ, ಗೋಡೆಯ ಪಕ್ಕದಲ್ಲೇ ದಾಪುಗಾಲು ಹಾಕುತ್ತಾ ಮೂಲೆ ತಿರುಗಿ ಮರೆಯಾದರು.

"ಹೋದರು," ಎಂದಳು ಮಗಳು.

"ಕಾರಿನ ಕೀಲಿ ನನ್ನ ಹತ್ತಿರ ಇದೆ," ಎಂದ ಹುಡುಗ. ಅವತ್ತು ಅವನು ಆಡಿದ ಮೊದಲ ಪೂರ್ತಿ ವಾಕ್ಯ ಅದು.

ಮಗಳ ಕಣ್ಣು ತುಂಬಿಬಂದಿತ್ತು. ಟೈಪಿಸ್ಟಮ್ಮನಿಗೆ ಅವಳ ಹತ್ತಿರ ಹೋಗಲು ಧೈರ್ಯವಾಗಲಿಲ್ಲ. ಗಂಡ ಬಂದು ಪಕ್ಕದಲ್ಲಿ ನಿಂತು, "ನನ್ನನ್ನು ಸಾಯಂಕಾಲದವರೆಗೆ ಸುಮ್ಮನಿರು ಅಂದವಳು ನೀನೇ ಅಲ್ವೇನೇ?" ಎಂದ. ದನಿಯಲ್ಲಿ ಬೈಗುಳ ಇರಲಿಲ್ಲ.

ಕೋಪಿಸಿಕೊಂಡು ಹೊರಟುಹೋಗಲು ಆ ಜಾಗ ಸರಿಯಿರಲಿಲ್ಲ. ದೇವಸ್ಥಾನದ ಸುತ್ತ ಇದ್ದದ್ದು ಒಂದೇ ದಾರಿ, ಬಾಗಿಲೂ ಒಂದೇ. ಗೋಡೆ ಹಿಡಿದು ನಡೆದವರು ಹೊರಟ ಜಾಗಕ್ಕೇ ಬರಬೇಕು. ಐದು ನಿಮಿಷಕ್ಕೆ ಪ್ರೊಫೆಸರರು ಎಡಗಡೆ ಮೂಲೆಯಿಂದ ಪ್ರತ್ಯಕ್ಷರಾದರು. ಇವರನ್ನು ಕಂಡು ಅವರಿಗೇ ಆಶ್ಚರ್ಯವಾದಂತಿತ್ತು. ಮುಖ ಗಂಟಿಕ್ಕಿಕೊಂಡು ನೇರ ಮುಂದಕ್ಕೆ ನೋಡುತ್ತಾ ಎಲ್ಲರನ್ನೂ ದಾಟಿ ಹೋದರು.

"ಇನ್ನೊಂದು ಸುತ್ತು ಬರ್ತಾರೆ," ಎಂದರು ಅವರ ಹೆಂಡತಿ, ನೆರಳಿನಲ್ಲಿ ಕೂರುತ್ತಾ. "ಬನ್ರೀ, ಕೂತ್ಕೊಳ್ಳಿ. ಆ ಹಲ್ಲು ಕೊನೆಗೆ ಕೀಳಿಸಿದ್ರಾ?"

"ಕೀಳಿಸಿದೆ."

"ಒಳ್ಳೇದು ಮಾಡಿದಿರಿ."

ಎರಡನೇ ಸುತ್ತಿನಲ್ಲಿ ಅವರ ನಡಿಗೆ ನಿಧಾನವಾಗಿತ್ತು. ಬೊಂಬೆಯ ಹತ್ತಿರ ಬಂದಾಗ ಕಳ್ಳಗಣ್ಣಿನಿಂದ ಒಮ್ಮೆ ಮೇಲೆ ನೋಡಿದರು. ತುಟಿ ಅಲ್ಲಾಡುತ್ತಿತ್ತು. ಮೂರನೇ ಸುತ್ತಿಗೆ ಬಂದವರು ಗಂಡನ ಎದುರು ನಿಂತೇಬಿಟ್ಟರು. ಬೆವರು ಒರೆಸಿಕೊಂಡು, ಚೀಲದಿಂದ ಅಂಚು ಸವೆದ ನೋಟುಬುಕ್ಕೊಂದನ್ನು ತೆಗೆದರು.

"ಇದು," ಎಂದವರು ಗಂಟಲು ಸರಿಮಾಡಿಕೊಂಡರು. "ಇದು ಯಾರಿಗೂ ತೋರಿಸಿಲ್ಲ. ಶಿಲ್ಪಿ ಎಲ್ಲಾದರೂ ಸಿಕ್ಕಿದ್ದರೆ ಏನೇನು ಕೇಳಬೇಕು ಅಂತ ಬರೆದಿಟ್ಟದ್ದು. ಸಾವಿರ ವರ್ಷದ ಹಿಂದೆ ಸತ್ತವನು ಸಿಗಲ್ಲ ಅಂತ ನನಗೂ ಗೊತ್ತು. ಆದರೂ ಬರೆದೆ. ನಲವತ್ತೊಂದು ಪ್ರಶ್ನೆ ಇದೆ."

ಗಂಡ ಜೇಬಿನಿಂದ ಕೈ ತೆಗೆದ.

"ಒಂದನೇದು, ಕೆನ್ನೆ ಯಾಕೆ. ಅದಾಯಿತು." ಪ್ರೊಫೆಸರರು ಆ ಸಾಲನ್ನು ನೋವಿನಿಂದ ಹೊಡೆದುಹಾಕಿದರು. "ಎರಡನೇದು. ಬಲಗಿವಿಯ ಓಲೆಗಿಂತ ಎಡಗಿವಿಯದು ಚಿಕ್ಕದು. ಯಾಕೆ?"

"ಕಲ್ಲಿನಲ್ಲಿ ಅಲ್ಲೊಂದು ಬಿರುಕಿತ್ತು ಸಾರ್. ದೊಡ್ಡದು ಮಾಡಿದ್ದರೆ ಕಿವಿಯೇ ಬೀಳ್ತಿತ್ತು."

"ಬಿರುಕು," ಎಂದು ಪ್ರೊಫೆಸರರು ಬರೆದುಕೊಂಡರು. "ಮೂರನೇದು. ಕೊಳಲಿಗೂ ತುಟಿಗೂ ನಡುವೆ ಒಂದು ಅಕ್ಕಿಕಾಳಿನಷ್ಟು ಜಾಗ ಬಿಟ್ಟಿದೆ. ಅವಳು ಇನ್ನೂ ನುಡಿಸಲು ಶುರುಮಾಡಿಲ್ಲ, ಅಂದರೆ ನಾದ ಹುಟ್ಟುವ ಮುಂಚಿನ ಕ್ಷಣ. ಸರಿ ತಾನೆ?"

"ಇಲ್ಲ ಸಾರ್. ಕೊಳಲು ಹಳೇದು, ತಲೆ ಹೊಸದು. ಅಳತೆಯಲ್ಲಿ ಒಂದು ಕಾಳಿನಷ್ಟು ತಪ್ಪಾಯಿತು."

"ತಪ್ಪಲ್ಲ ಅದು!"

"ತಪ್ಪು ಸಾರ್. ನಾನೇ ಮಾಡಿದ್ದಲ್ವಾ."

"ಮಾಡಿದವರಿಗೆ ಎಲ್ಲಾ ಗೊತ್ತಿರುತ್ತೆ ಅಂತ ಯಾರು ಹೇಳಿದ್ದು? ಆ ಜಾಗ ಮುಚ್ಚಿ ನೋಡಿ, ಮುಖ ಸತ್ತೇ ಹೋಗುತ್ತೆ. ನಿಮ್ಮ ಕೈಗೆ ಗೊತ್ತಿತ್ತು, ನಿಮಗೆ ಗೊತ್ತಿರಲಿಲ್ಲ."

"ನನ್ನ ಕೈಗೆ ನನಗೆ ಗೊತ್ತಿಲ್ಲದ್ದು ಹೇಗೆ ಗೊತ್ತಾಗುತ್ತೆ ಸಾರ್? ಎರಡು ದಿನ ನಿದ್ದೆ ಬರಲಿಲ್ಲ ನನಗೆ ಆ ತಪ್ಪಿಗೆ."

"ಹನ್ನೊಂದು ವರ್ಷ ನಿದ್ದೆಗೆಟ್ಟವನು ನಾನು! ಹನ್ನೆರಡು ದಿನ ಕೂತವರು ನನಗೆ ಹೇಳಿಕೊಡಬೇಡಿ."

ಇಬ್ಬರ ದನಿಯೂ ಏರಿತು. ಪ್ರವಾಸಿಗಳ ಗುಂಪೊಂದು ನಿಂತು ನೋಡತೊಡಗಿತು. ಒಬ್ಬರು ಇಬ್ಬರದ್ದೂ ಒಂದು ಫೋಟೋ ತೆಗೆದರು. ಕಾವಲುಗಾರ ಸೀಟಿ ಬಾಯಲ್ಲಿಟ್ಟುಕೊಂಡು, ಯಾರಿಗೆ ಊದಬೇಕೆಂದು ತಿಳಿಯದೆ ನಿಂತ.

"ಬೀಗರೇ, ನಿಮಗೆ ಅರ್ಥವೇ ಆಗ್ತಿಲ್ಲ!" ಎಂದರು ಪ್ರೊಫೆಸರರು ನೋಟುಬುಕ್ಕಿನಿಂದ ಬೊಂಬೆಯತ್ತ ತೋರಿಸುತ್ತಾ. "ಸ್ವಲ್ಪ ಈ ಕಡೆ ಬಂದು ನೋಡಿ. ಈ ಕಡೆಯಿಂದ."

ಮಗಳು ತಲೆಯೆತ್ತಿದಳು. ಹುಡುಗನೂ ತಲೆಯೆತ್ತಿದ.

"ಏನಂದರು?" ಎಂದಳು ಟೈಪಿಸ್ಟಮ್ಮ, ತನ್ನ ಕಿವಿಯನ್ನು ತಾನೇ ನಂಬದೆ. ಬರಹದಲ್ಲಿಲ್ಲದ ಮಾತನ್ನು ನಂಬಿ ಅವಳಿಗೆ ಅಭ್ಯಾಸವಿರಲಿಲ್ಲ.

"ಬೀಗರೇ ಅಂದರು," ಎಂದರು ಪ್ರೊಫೆಸರರ ಹೆಂಡತಿ. "ಅಂದದ್ದು ಅವರಿಗೇ ಗೊತ್ತಿಲ್ಲ. ಈಗ ನೆನಪು ಮಾಡೋಕೆ ಹೋಗಬೇಡಿ, ಸುಮ್ಮನೆ ಯೋಚಿಸೋಕೆ ಶುರುಮಾಡ್ತಾರೆ."

ಟೈಪಿಸ್ಟಮ್ಮ ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಮಗಳು ಬಂದು ಅವಳ ಪಕ್ಕದಲ್ಲಿ, ಇನ್ನೂ ಸ್ವಲ್ಪ ಸಿಟ್ಟಿನಿಂದಲೇ, ಭುಜಕ್ಕೆ ಭುಜ ತಾಗಿಸಿ ಕೂತಳು. ಆ ಕಡೆ ಬಿಸಿಲಲ್ಲಿ ಇಬ್ಬರೂ ಒಂದೇ ಕಡೆಗೆ ಕತ್ತು ಓರೆಮಾಡಿ, ಬರಿಗಾಲನ್ನು ಒಂದಾದ ಮೇಲೊಂದು ಎತ್ತಿಡುತ್ತಾ ನಿಂತಿದ್ದರು. ಏಳನೇ ಪ್ರಶ್ನೆ ನಡೆಯುತ್ತಿತ್ತು.